ಹಸಿ ಕಸ ಊರು ದಾಟಬಾರದು

ಪ್ರಶ್ನೆ: ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತೇವೆ. ಜೊತೆಗೆ ಸಣ್ಣ ಕಾಫಿ ತೋಟ ಇದೆ. ಕಸ ಬೇರೆ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೇ ಸುರಿಯುತ್ತಾರೆ. ಊರಿನ ಸಭೆಯಲ್ಲಿ ಒಬ್ಬರು "ಕಸ ಹಾಕಲು ದೊಡ್ಡ ಜಾಗ ಹುಡುಕಿ" ಅಂತಾರೆ. ಇನ್ನೊಬ್ಬರು "ಕಸದಿಂದ ಕರೆಂಟ್ ತೆಗೆಯುವ ಮಷಿನ್ ತರೋಣ" ಅಂತಾರೆ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಕಸದ ಯೋಜನೆ ಹೇಗೆ ಮಾಡುತ್ತಾರೆ? ಅದನ್ನೇ ಕೊಡಗಿಗೆ ತಂದರೆ ಆಗುತ್ತದಾ?

ಉತ್ತರ: ನಿಮ್ಮ ಸಭೆಯಲ್ಲಿ ಮೊದಲು ಬಂದ ಮಾತು "ಜಾಗ ಹುಡುಕಿ" ಅಲ್ವಾ? ಬೆಂಗಳೂರು ಕೂಡ ಅಲ್ಲಿಂದಲೇ ಶುರು ಮಾಡಿತ್ತು. ಅದಕ್ಕೆ ಅಲ್ಲಿನ ಕಥೆಯನ್ನೇ ಮೊದಲು ಹೇಳುತ್ತೇನೆ. ನಾನು ಕೊಡಗಿನವನು, ಆದರೆ ಕೆಲಸ ಮಾಡಿದ್ದು ಬಹುಪಾಲು ಬೆಂಗಳೂರಿನ ಕಸದ ಜೊತೆ. ಅಲ್ಲಿ ಆದ ತಪ್ಪು ನಮ್ಮ ಬೆಟ್ಟದಲ್ಲಿ ಮತ್ತೆ ಆಗಬಾರದು ಅನ್ನುವುದು ನನ್ನ ಆಸೆ.

ಬೆಂಗಳೂರಿನಲ್ಲಿ ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟುತ್ತದೆ. ಬಹಳ ಕಾಲ ಅಲ್ಲಿ ಯೋಜನೆ ಅಂದರೆ ಇಷ್ಟೇ: ಎತ್ತು, ಲಾರಿಗೆ ತುಂಬು, ಊರಾಚೆ ಸುರಿ. ಆ "ಊರಾಚೆ" ಇನ್ನೊಬ್ಬರ ಊರಾಗಿತ್ತು. ಮಾವಳ್ಳಿಪುರದ ಜನ ನೀರು ಕೆಟ್ಟಿತು, ಗಾಳಿ ಕೆಟ್ಟಿತು ಎಂದು ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಆಗ ನಗರದ ಬೀದಿ ಬೀದಿಯಲ್ಲಿ ಕಸ ರಾಶಿ ಬಿತ್ತು. ಲಾರಿಗಳು ಮಂಡೂರಿನ ಕಡೆ ತಿರುಗಿದವು. ಮಂಡೂರಿನವರೂ ರಸ್ತೆಗೆ ಇಳಿದರು. 2014ರ ಡಿಸೆಂಬರ್‌ನಿಂದ ಅಲ್ಲಿಯೂ ಬಂದ್ ಆಯಿತು. ಒಂದು ಜಾಗ ಮುಚ್ಚಿದರೆ ಇನ್ನೊಂದು, ಅದು ಮುಚ್ಚಿದರೆ ಮತ್ತೊಂದು ಕಲ್ಲಿನ ಕ್ವಾರಿ. ಇವತ್ತಿಗೂ ಬೆರಕೆ ಕಸ ಮಿಟ್ಟಗಾನಹಳ್ಳಿ ಕ್ವಾರಿಯ ಕಡೆ ಹೋಗುತ್ತಲೇ ಇದೆ.

ಆ ದಿನಗಳಲ್ಲಿ ಒಂದು ವಾರ್ಡಿನ ಕಸವನ್ನು ನಾವು ಕೆಲವರು ಟಾರ್ಪಾಲಿನ ಮೇಲೆ ಸುರಿದು, ಕೈಯಿಂದ ಬೇರ್ಪಡಿಸಿ, ತೂಗಿ ನೋಡಿದೆವು. ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯದೇ. ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ಚಹಾ ಸೊಪ್ಪು. ನಮ್ಮ ದೇಶದ ಹೆಚ್ಚಿನ ನಗರಗಳಲ್ಲಿ ಇದೇ ಲೆಕ್ಕ. ಅಂದರೆ ನಾವು ಲಾರಿಯಲ್ಲಿ ಹೊತ್ತು ಸಾಗಿಸುತ್ತಿದ್ದ ಭಾರದಲ್ಲಿ ದೊಡ್ಡ ಪಾಲು ನೀರು. ಆ ನೀರಿಗೆ ಡೀಸೆಲ್ ಸುಡುತ್ತಿದ್ದೆವು. ಅದೇ ನೀರು ರಾಶಿಯಲ್ಲಿ ಕೊಳೆತು ಕಪ್ಪು ರಸವಾಗಿ ಬಾವಿಗೆ ಇಳಿಯುತ್ತಿತ್ತು. ಗಾಳಿ ಸಿಗದೆ ಕೊಳೆತದ್ದರಿಂದ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟಿ ಆಗಾಗ ಬೆಂಕಿ ಹತ್ತುತ್ತಿತ್ತು. ಅದೇ ಕಸ ಒಣ ಕಸವನ್ನೂ ಹಾಳು ಮಾಡುತ್ತಿತ್ತು. ಒಂದು ಸೌಟು ಸಾರು ಬಿದ್ದರೆ ಒಂದು ಕಟ್ಟು ಪೇಪರ್ ಹೋದಂತೆ. ಗುಜರಿಯವನೂ ಅದನ್ನು ಮುಟ್ಟುವುದಿಲ್ಲ.

ನಾನು ಕಲಿತ ಪಾಠ ಇಷ್ಟು. ಹಸಿ ಕಸ ಹುಟ್ಟಿದ ಊರನ್ನು ದಾಟಬಾರದು. ಒಣ ಕಸ ಮಾತ್ರ ಎಲ್ಲ ಊರಿಂದ ಒಂದು ಕಡೆ ಸೇರಬೇಕು. ಹಸಿ ಕಸ ಭಾರ, ಎರಡು ದಿನದಲ್ಲಿ ನಾರುತ್ತದೆ. ಅದನ್ನು ಗೊಬ್ಬರ ಮಾಡಲು ದೊಡ್ಡ ಮಷಿನ್ ಬೇಡ. ಹಾಗಾಗಿ ಅದಕ್ಕೆ ಸಣ್ಣ ಸಣ್ಣ ಘಟಕ ಬಹಳ ಇರಬೇಕು. ಒಣ ಕಸ ಹಗುರ, ತಿಂಗಳು ಇಟ್ಟರೂ ಕೊಳೆಯುವುದಿಲ್ಲ. ಆದರೆ ಚೂರುಪಾರು ಇದ್ದರೆ ಕೊಳ್ಳುವವರಿಲ್ಲ, ಲಾರಿ ಲೋಡ್ ಆದರೆ ಮಾತ್ರ ಬೆಲೆ. ಅದಕ್ಕೆ ದೊಡ್ಡ ಘಟಕ ಒಂದು ಸಾಕು. ದೊಡ್ಡ ನಗರದ ಯೋಜನೆಯಲ್ಲಿ ಗಾಡಿ, ದಾರಿ, ಶುಲ್ಕ, ಟೆಂಡರ್ ಅಂತ ನೂರು ವಿಷಯ ಬರುತ್ತವೆ. ಈ ಒಂದು ವಿಷಯ ತಪ್ಪಿದರೆ ಉಳಿದ ಯಾವುದೂ ನಿಲ್ಲುವುದಿಲ್ಲ.

ಬೆಂಗಳೂರು ಇದನ್ನು ತಡವಾಗಿ ಒಪ್ಪಿಕೊಂಡಿತು. 2015ರ ಕೊನೆಯಲ್ಲಿ ಹೈಕೋರ್ಟ್ "ಎರಡು ಬುಟ್ಟಿ, ಒಂದು ಚೀಲ" ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಪ್ಯಾಡ್, ಡಯಾಪರ್, ಬ್ಲೇಡಿನಂಥದ್ದು. ಚೀಲಕ್ಕೆ ಒಣ ಕಸ. ಮರು ವರ್ಷ, 2016ರಲ್ಲಿ, ಕೇಂದ್ರದ ಘನ ತ್ಯಾಜ್ಯ ನಿಯಮ ಇಡೀ ದೇಶಕ್ಕೆ ಮೂರು ಬಗೆಯಾಗಿ ಬೇರ್ಪಡಿಸಬೇಕು ಎಂದಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು. ಹಲವನ್ನು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಹಸಿರು ದಳದಂಥ ಸಂಸ್ಥೆಗಳು ಅವರ ಜೊತೆ ನಿಂತವು, ಪಾಲಿಕೆಯಿಂದ ಅವರಿಗೆ ಗುರುತಿನ ಚೀಟಿ ಸಿಕ್ಕಿತು. ಬೆಂಗಳೂರು ಮಾಡಿದ್ದರಲ್ಲಿ ನನಗೆ ತುಂಬ ಹೆಮ್ಮೆ ಅನ್ನಿಸುವುದು ಇದೇ. ಯಾವ ಪ್ಲಾಸ್ಟಿಕ್ ಯಾವುದು ಅಂತ ಕೈಯಲ್ಲಿ ಮುಟ್ಟಿ ಹೇಳುವ ಜ್ಞಾನ ಅವರಲ್ಲಿದೆ. ಎಂಜಿನಿಯರ್ ಆದ ನಾನು ಅದನ್ನು ಅವರಿಂದಲೇ ಕಲಿತೆ.

ಈಗ ಕೊಡಗಿಗೆ ಬರೋಣ.

ಬೆಂಗಳೂರಿನದನ್ನೇ ಎತ್ತಿ ತಂದು ಇಲ್ಲಿ ಇಡಲು ಆಗುವುದಿಲ್ಲ. ಮೊದಲ ಕಾರಣ ಮಳೆ ಮತ್ತು ಇಳಿಜಾರು. ಬೇರೆ ಊರಿನವರಿಗೆ ಕಸದ ರಾಶಿ ಅಂದರೆ ನಾತ, ನೊಣ. ನಮಗೆ ಅದು ಜಾರುವ ಗುಡ್ಡ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಏನಾಯಿತು ನೆನಪಿರಬೇಕು. ಜೋರು ಮಳೆಗೆ ಕಸದ ಬೆಟ್ಟವೇ ಕುಸಿದು ಕೆಳಗಿನ ಮಂದಾರ ಎಂಬ ಊರಿನ ಮೇಲೆ ಹರಿಯಿತು. ಮನೆಗಳು, ಅಡಿಕೆ ತೋಟಗಳು ಕಸದಡಿ ಹೂತುಹೋದವು. ಅದಕ್ಕೆ ಒಂದು ವರ್ಷ ಮೊದಲು, 2018ರ ಆಗಸ್ಟ್‌ನಲ್ಲಿ, ನಮ್ಮಲ್ಲಿ ಮಣ್ಣಿನ ಗುಡ್ಡಗಳೇ ಜಾರಿದ್ದವು. ಮರದ ಬೇರು ಹಿಡಿದಿದ್ದ ಮಣ್ಣೇ ನಿಲ್ಲದ ಕಡೆ ಪ್ಲಾಸ್ಟಿಕ್ ಪದರದ ಮೇಲೆ ಪ್ಲಾಸ್ಟಿಕ್ ಪದರ ಕೂತ ರಾಶಿ ನಿಲ್ಲುತ್ತದಾ? ನಿಮ್ಮ ಸಭೆಯಲ್ಲಿ "ದೊಡ್ಡ ಜಾಗ" ಎಂದವರಿಗೆ ದಯವಿಟ್ಟು ಇದನ್ನು ಹೇಳಿ. ಕೊಡಗಿನಲ್ಲಿ ಸಮತಟ್ಟಾದ ಜಾಗ ಅಂದರೆ ಬಹುತೇಕ ಗದ್ದೆ ಅಥವಾ ಹೊಳೆದಂಡೆ. ಉಳಿದದ್ದು ಇಳಿಜಾರು, ಇಲ್ಲವೇ ಕಾಡು. ಮೂರೂ ಕಸಕ್ಕೆ ಆಗದ ಜಾಗ.

ಇನ್ನೊಂದು ಕಾರಣ ನದಿ. ನಾವು ಕಾವೇರಿಯ ತವರಿನವರು. ಭಾಗಮಂಡಲದಲ್ಲಿ ಹೊಳೆಗೆ ಬಿದ್ದ ಕವರ್ ಕುಶಾಲನಗರ ದಾಟಿ ಕೆಆರ್‌ಎಸ್ ಕಡೆಗೇ ಹೋಗುವುದು. ಅದೇ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಬೆಂಗಳೂರಿಗೆ ಕುಡಿಸುತ್ತಾರೆ. ಪಶ್ಚಿಮದ ಇಳಿಜಾರಿನ ಬರಪೊಳೆ, ಪಯಸ್ವಿನಿ ನೀರು ಕೇರಳಕ್ಕೆ ಹೋಗುತ್ತದೆ. ದೊಡ್ಡ ನಗರ ತನ್ನ ಕಸವನ್ನು ಹಳ್ಳಿಗೆ ಕಳಿಸಿತು ಎಂದು ಮೇಲೆ ಬೇಸರಪಟ್ಟೆ. ನಮ್ಮ ಕಸವೂ ಕೆಳಗಿನವರಿಗೆ ಹೋಗಬಾರದು ತಾನೆ?

ಕೊಡಗಿಗೆ ಅನುಕೂಲಗಳೂ ಇವೆ. ಅವು ಬೆಂಗಳೂರಿಗೆ ಕನಸಿನಲ್ಲೂ ಸಿಗದಂಥವು. ಒಂದು ಲೆಕ್ಕ ಹಾಕೋಣ. ಸಣ್ಣ ಪಟ್ಟಣದಲ್ಲಿ ಒಬ್ಬರಿಂದ ದಿನಕ್ಕೆ 200ರಿಂದ 300 ಗ್ರಾಂ ಕಸ ಬರುತ್ತದೆ ಎಂದು ಯೋಜನೆ ಮಾಡುವವರು ಹಿಡಿಯುತ್ತಾರೆ. ದೊಡ್ಡ ನಗರದಲ್ಲಿ 400ರಿಂದ 600 ಗ್ರಾಂ. 2011ರ ಜನಗಣತಿಯಲ್ಲಿ ಮಡಿಕೇರಿಯಲ್ಲಿ ಸುಮಾರು 33,000 ಜನ. 300 ಗ್ರಾಂ ಹಿಡಿದರೆ ದಿನಕ್ಕೆ ಸುಮಾರು 10 ಟನ್. ಶನಿವಾರ, ಭಾನುವಾರ, ದಸರಾ ಸಮಯದಲ್ಲಿ ಅದು ಎಲ್ಲಿಗೋ ಏರುತ್ತದೆ, ಅದನ್ನು ಬೇರೆಯಾಗಿ ತೂಗಲೇಬೇಕು. ಆದರೂ ಮಾಮೂಲಿ ದಿನದ 10 ಟನ್‌ನಲ್ಲಿ ಹಸಿ ಕಸ 5 ಟನ್ ಅನ್ನಿ. ಅದು ಕೊಳೆತು ಗೊಬ್ಬರವಾದಾಗ ಐದನೇ ಒಂದು ಪಾಲು ಉಳಿದರೂ ದಿನಕ್ಕೆ 1 ಟನ್. ಒಂದು ಪಿಕಪ್ ಗಾಡಿಯ ಲೋಡು!

ಬೆಂಗಳೂರಿನಲ್ಲಿ ಗೊಬ್ಬರ ಮಾಡಿದ ಮೇಲೆ ಕೊಳ್ಳುವ ರೈತರನ್ನು ಹುಡುಕಿ ದೂರದ ಹಳ್ಳಿಗೆ ಹೋಗಬೇಕು. ಇಲ್ಲಿ ಪಟ್ಟಣದ ಗಡಿಯಲ್ಲೇ ತೋಟ. ಕಾಫಿ, ಮೆಣಸು, ಕಿತ್ತಳೆ, ಬಾಳೆ ಎಲ್ಲಕ್ಕೂ ಗೊಬ್ಬರ ಬೇಕು. ಪ್ರತಿ ವರ್ಷದ ಮಳೆ ಮೇಲ್ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ. ಸಾವಯವ ಗೊಬ್ಬರಕ್ಕೆ ಇದಕ್ಕಿಂತ ಒಳ್ಳೆ ಗಿರಾಕಿ ಎಲ್ಲಿದ್ದಾರೆ? ಆದರೆ ತೋಟದವರು ಒಂದೇ ಒಂದು ಸಲ ಗಾಜಿನ ಚೂರು ಇರುವ ಗೊಬ್ಬರ ತೆಗೆದುಕೊಂಡರೆ ಮತ್ತೆ ಜನ್ಮದಲ್ಲಿ ತೆಗೆದುಕೊಳ್ಳುವುದಿಲ್ಲ. ಗಿಡದ ಬುಡದಲ್ಲಿ ಕೈ ಹಾಕಿ ಉದುರಿದ ಕಾಫಿ ಹೆಕ್ಕುವವರ ಬೆರಳು ಸೀಳುತ್ತದೆ. ಬೇರ್ಪಡಿಸಿ ಕೊಡುವ ನಿಮ್ಮ ಶ್ರಮಕ್ಕೆ ಬೆಲೆ ಬರುವುದು ಇಲ್ಲಿಯೇ.

ಹಸಿ ಕಸದ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನ ಗೊಬ್ಬರದ ಪ್ರಯತ್ನ ಜೂನ್‌ನಲ್ಲಿ ಸಾಯುತ್ತದೆ. ಬಯಲುಸೀಮೆಯ ಪುಸ್ತಕ ನೋಡಿ ಗುಂಡಿ ತೋಡುತ್ತಾರೆ. ಮಳೆ ಹಿಡಿದ ಮೇಲೆ ಗುಂಡಿ ಕೆರೆಯಾಗುತ್ತದೆ. ಗಾಳಿ ಆಡದೆ ನಾತ ಹೊಡೆಯುತ್ತದೆ, ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ, ಘಟಕಕ್ಕೆ ಬೀಗ. ಕೊಡಗಿನಲ್ಲಿ ಗೊಬ್ಬರ ನೆಲದ ಮೇಲೆಯೇ ಆಗಬೇಕು. ಸಂದು ಬಿಟ್ಟು ಕಟ್ಟಿದ ಇಟ್ಟಿಗೆ ತೊಟ್ಟಿ, ಕೆಳಗೆ ನೀರು ಇಳಿಯಲು ಜಲ್ಲಿ, ಮೇಲೆ ಗಟ್ಟಿ ಸೂರು. ಸೂರಿಗೆ ನಾಲ್ಕೂ ಕಡೆ ಉದ್ದ ಇಳಿಜಾರು ಬೇಕು, ಇರಚಲು ಒಳಗೆ ಬರಬಾರದು. ಘಟಕಕ್ಕೆ ಹಣ ಬಂದರೆ ಮೊದಲ ಖರ್ಚು ಸೂರಿಗೇ ಆಗಲಿ, ಮಷಿನ್ ಆಮೇಲೆ.

ಎರಡನೆಯದು ಒಣ ಸಾಮಗ್ರಿ. ಅಡುಗೆಮನೆ ಕಸದಲ್ಲಿ ಸಾರಜನಕ, ನೀರು ಎರಡೂ ಜಾಸ್ತಿ. ಅದಕ್ಕೆ ಇಂಗಾಲ ಕೊಡುವ ಒಣ ಎಲೆ, ಹುಲ್ಲು, ಮರದ ಪುಡಿ ಸೇರಿಸಿ ಸಮ ಮಾಡಬೇಕು. ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ರಾಶಿ ಚೆನ್ನಾಗಿ ಬಿಸಿಯಾಗುತ್ತದೆ. 55 ಡಿಗ್ರಿ ದಾಟಿದರೆ ರೋಗಾಣು, ಕಳೆಬೀಜ ಸಾಯುತ್ತವೆ. ಅಳತೆಗೆ ಮಷಿನ್ ಬೇಡ. ಒಂದು ಹಿಡಿ ತೆಗೆದು ಹಿಂಡಿ. ಕೈ ಒದ್ದೆಯಾಗಿ ನೀರು ಹನಿಯದಿದ್ದರೆ ಸರಿ. ಹನಿದರೆ ಒಣ ಎಲೆ ಸೇರಿಸಿ. ತೊಂದರೆ ಏನೆಂದರೆ ಜುಲೈನಲ್ಲಿ ಕೊಡಗಿನಲ್ಲಿ ಒಣ ಎಲೆ ಎಲ್ಲಿ ಸಿಗುತ್ತದೆ? ಬೇಸಗೆಯಲ್ಲೇ ಗುಡಿಸಿ ಮೂಟೆ ಕಟ್ಟಿಡಬೇಕು. ಕಾಫಿ ಮಿಲ್ಲಿನ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಚೆನ್ನಾಗಿ ಹೀರುತ್ತದೆ. ನಾವು ಕಟ್ಟಿಗೆ ಕೂಡಿಡುವುದಿಲ್ಲವಾ ಮಳೆಗಾಲಕ್ಕೆ? ಹಾಗೆಯೇ.

ಗಾಡಿಯಲ್ಲಿ ಒಟ್ಟಿಗೆ ಸುರಿಯುವ ವಿಷಯ. ನಿಮ್ಮ ಸಿಟ್ಟು ನ್ಯಾಯವಾದದ್ದು. ಬೇರ್ಪಡಿಸಿ ಕೊಟ್ಟ ಒಬ್ಬ ತಾಯಿಯ ಎದುರೇ ಎರಡೂ ಒಂದಾದರೆ ಆಕೆ ಮರುದಿನ ಬೇರ್ಪಡಿಸುವುದಿಲ್ಲ. ನಾನು ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ಗುತ್ತಿಗೆದಾರನ ಗಾಡಿ ಇದನ್ನೇ ಮಾಡುತ್ತಿತ್ತು. ಆರು ತಿಂಗಳ ಮನೆ ಮನೆ ಪ್ರಚಾರ ಒಂದು ವಾರದಲ್ಲಿ ನೀರುಪಾಲಾಯಿತು. ಇದಕ್ಕೆ ನಾನು ನಂಬುವ ಪರಿಹಾರ ತುಂಬ ಸರಳ. ಒಣ ಕಸವನ್ನು ವಾರಕ್ಕೆ ಒಂದೋ ಎರಡೋ ಗೊತ್ತಾದ ದಿನ ಮಾತ್ರ ಎತ್ತಿ, ಉಳಿದ ದಿನವೆಲ್ಲ ಹಸಿ ಕಸ ಮಾತ್ರ ಎತ್ತಿ. ಯಾವ ದಿನವೂ ಗಾಡಿಯಲ್ಲಿ ಇನ್ನೊಂದು ಬಗೆ ಇರುವುದೇ ಇಲ್ಲ ಅಂದಮೇಲೆ ಬೆರೆಯುವುದು ಹೇಗೆ? ಬೆಂಗಳೂರಿನಲ್ಲಿ ಈ ಕ್ರಮ ಸರಿಯಾಗಿ ನಡೆದ ಬಡಾವಣೆಗಳಲ್ಲಿ ಫಲ ಸಿಕ್ಕಿದೆ. ನಿಮ್ಮ ಪಂಚಾಯಿತಿಗೆ ಇರುವುದು ಒಂದೇ ಗಾಡಿ ಆಗಿದ್ದರೂ ಇದು ನಡೆಯುತ್ತದೆ. ಪ್ಯಾಡ್, ಡಯಾಪರನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ. 2016ರ ನಿಯಮದ ಜಾಗಕ್ಕೆ ಬಂದ 2026ರ ಹೊಸ ನಿಯಮ ಇದನ್ನು ಪ್ರತ್ಯೇಕ ಬಗೆಯಾಗಿಯೇ ಎಣಿಸುತ್ತದೆ. ಗಾಜು ಒಡೆದಿದ್ದರೆ ಡಬ್ಬದಲ್ಲಿ ಹಾಕಿ, ಮೇಲೆ ಬರೆದು ಕೊಡಿ. ಅದನ್ನು ಎತ್ತುವ ಕೈ ಎಷ್ಟೋ ಸಲ ಬರಿಗೈ.

ಒಣ ಕಸ ಎಲ್ಲಿ ಸೇರಬೇಕು? ನನ್ನನ್ನು ಕೇಳಿದರೆ ಕುಶಾಲನಗರದ ಕಡೆ. ಅಲ್ಲಿ ನೆಲ ಸ್ವಲ್ಪ ಸಮ, ಮಳೆ ಮಡಿಕೇರಿಗಿಂತ ಬಹಳ ಕಡಿಮೆ, ಮೈಸೂರಿಗೆ ಹೆದ್ದಾರಿ ಇದೆ. ಒಂದೊಂದು ಪಂಚಾಯಿತಿಯೂ ಸುಮ್ನೆ ಒಂದೊಂದು ಶೆಡ್ ಕಟ್ಟಿ ಅದರಲ್ಲಿ ಕವರ್ ತುಂಬಿಟ್ಟರೆ ಇಲಿ ಸಾಕಿದಂತೆ. ಪಂಚಾಯಿತಿ ಶೆಡ್ ಬರೀ ತಂಗುದಾಣ ಆಗಲಿ. ಹದಿನೈದು ದಿನಕ್ಕೊಮ್ಮೆ ಒಂದು ಲಾರಿ ಎಲ್ಲ ಕಡೆಯಿಂದ ಎತ್ತಿಕೊಂಡು ಹೋಗಲಿ. ಅಲ್ಲಿ ಬಗೆ ಬಗೆಯಾಗಿ ವಿಂಗಡಿಸಿ, ಬೇಲಿಂಗ್ ಮಷಿನ್‌ನಲ್ಲಿ ಒತ್ತಿ ಕಟ್ಟು ಮಾಡಿದರೆ ಸಾಗಿಸುವ ಖರ್ಚು ಇಳಿಯುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೇ ಘಟಕಕ್ಕೆ ತರುವ ಪದ್ಧತಿ ನಡೆಯುತ್ತಿದೆ. ನಿಮ್ಮ ಸದಸ್ಯರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ. ಬಾಟಲಿ, ರಟ್ಟು, ಹಾಲಿನ ಕವರ್‌ಗೆ ಬೆಲೆ ಇದೆ. ಚಿಪ್ಸ್, ಗುಟ್ಕಾ ಪ್ಯಾಕೆಟ್‌ನಂಥ ಪದರ ಪದರದ ಪ್ಲಾಸ್ಟಿಕ್‌ಗೆ ಗುಜರಿಯಲ್ಲಿ ಬೆಲೆ ಇಲ್ಲ, ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಹೋಗಬೇಕು. ಅದರ ಸಾಗಣೆ ಖರ್ಚಿಗೆ ಬಜೆಟ್‌ನಲ್ಲಿ ಮೊದಲೇ ಹಣ ಇಡಬೇಕು. ಇಡದಿದ್ದರೆ ಅದು ರಾತ್ರಿ ಹೊತ್ತು ಯಾವುದೋ ತಿರುವಿನಲ್ಲಿ ಕೆಳಗೆ ಉರುಳುತ್ತದೆ.

ಕರೆಂಟ್ ತೆಗೆಯುವ ಮಷಿನ್ ಬೇಡ. ನಮ್ಮ ಕಸದಲ್ಲಿ ನೀರು ಜಾಸ್ತಿ, ಉರಿಯುವ ಶಕ್ತಿ ಕಡಿಮೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಹೊರದೇಶದ ತಂತ್ರಜ್ಞಾನದ ದೊಡ್ಡ ಘಟಕ ಕಟ್ಟಿದರು. ಕಸ ಸರಿಯಾಗಿ ಉರಿಯಲೇ ಇಲ್ಲ, ಕೆಲವೇ ವಾರದಲ್ಲಿ ನಿಂತಿತು. ದೆಹಲಿಯ ಬಿಸಿಲಿನ ಕಸಕ್ಕೇ ಆ ಗತಿ, ಇನ್ನು ಮಡಿಕೇರಿಯ ಆಷಾಢದ ಕಸ! ಇಂಥ ಮಷಿನ್‌ಗೆ ದಿನಾ ನೂರಾರು ಟನ್ ಹೊಟ್ಟೆಗೆ ಹಾಕಬೇಕು. ಇಡೀ ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಸುಮಾರು 5.5 ಲಕ್ಷ. ಎಲ್ಲರ ಕಸ ಒಟ್ಟು ಮಾಡಿದರೂ ಸಾಲದು, ಬೆಟ್ಟದ ದಾರಿಯಲ್ಲಿ ಒಟ್ಟು ಮಾಡಲೂ ಆಗದು.

ಈಗ ನಿಮ್ಮ ಹೋಂಸ್ಟೇ ವಿಷಯ. ಕೊಡಗಿನ ಕಸದ ಯೋಜನೆಯಲ್ಲಿ ಪ್ರವಾಸಿಗರನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಮಾಂದಲ್‌ಪಟ್ಟಿ ದಾರಿ, ಅಬ್ಬಿ ಫಾಲ್ಸ್ ದಾರಿಯ ಚರಂಡಿ ನೋಡಿ. ನೀರಿನ ಬಾಟಲಿ, ಬಿಯರ್ ಬಾಟಲಿ. ಎರಡಕ್ಕೂ ತಮಿಳುನಾಡಿನ ನೀಲಗಿರಿ ಜಿಲ್ಲೆ, ಅಂದರೆ ಊಟಿಯ ಕಡೆಯವರು, ದಾರಿ ತೋರಿಸಿದ್ದಾರೆ. ಅಲ್ಲಿ 2019ರಲ್ಲಿ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧಿಸಿದರು, ಜೊತೆಗೆ ಊರೂರಲ್ಲಿ ನೀರಿನ ಎಟಿಎಂ ಇಟ್ಟರು. ಬರೀ ನಿಷೇಧ ಮಾಡಿ ಕುಡಿಯಲು ನೀರು ಕೊಡದಿದ್ದರೆ ಜನ ಕದ್ದು ತರುತ್ತಾರೆ. ಅವರು ನೀರು ಕೊಟ್ಟರು. ಆಮೇಲೆ 2022ರ ಮೇ ತಿಂಗಳಲ್ಲಿ, ಮದ್ರಾಸ್ ಹೈಕೋರ್ಟ್ ಆದೇಶದಂತೆ, ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಆ ಹಣ ವಾಪಸ್ ಕೊಡುವ ಪದ್ಧತಿ ಶುರುವಾಯಿತು. ಕಾಡಿನಲ್ಲಿ ಒಡೆದ ಗಾಜಿಗೆ ಆನೆಗಳ ಕಾಲು ಸೀಳುತ್ತಿದ್ದುದೇ ಆ ಮೊಕದ್ದಮೆಯ ಹಿಂದಿನ ನೋವು. ಬಹುಪಾಲು ಬಾಟಲಿ ವಾಪಸ್ ಬಂದವು. 10 ರೂಪಾಯಿಗೆ ಬಾಟಲಿ ಹೆಕ್ಕಿ ತರುವವರೂ ಹುಟ್ಟಿಕೊಂಡರು. ನಮ್ಮಲ್ಲೂ ಆನೆ ಇದೆ, ತೋಟದಲ್ಲಿ ಬರಿಗಾಲಲ್ಲಿ ನಡೆಯುವ ಜನ ಇದ್ದಾರೆ. ತಡೆದು ನೋಡುವುದೂ ಕಷ್ಟವಲ್ಲ, ಜಿಲ್ಲೆಗೆ ಬರುವ ದೊಡ್ಡ ದಾರಿಗಳು ಬೆರಳಲ್ಲಿ ಎಣಿಸುವಷ್ಟು: ಕೊಪ್ಪ, ಸಂಪಾಜೆ, ಆನೆಚೌಕೂರು, ಮಾಕುಟ್ಟ, ಕುಟ್ಟ, ಉತ್ತರದಲ್ಲಿ ಕೊಡ್ಲಿಪೇಟೆ ಕಡೆಯದು. ಈ ಎರಡು ಕೆಲಸ ಕೊಡಗಿನಲ್ಲಿ ಆಗಲೇಬೇಕು ಎಂದು ನನ್ನನ್ನು ಕೇಳಿದ ಕಡೆಯೆಲ್ಲ ಹೇಳುತ್ತಿದ್ದೇನೆ.

ನೀವು ನಾಳೆಯೇ ಮಾಡಬಹುದಾದದ್ದು: ಕೋಣೆಯಲ್ಲಿ ಬಾಟಲಿ ನೀರು ನಿಲ್ಲಿಸಿ, ತಾಮ್ರದ ಅಥವಾ ಸ್ಟೀಲಿನ ಹೂಜಿ ಇಡಿ. ಶಾಂಪೂ ಸ್ಯಾಶೆ ಬದಲು ಗೋಡೆಗೆ ಡಬ್ಬ. ಮೊದಲ ದಿನವೇ ಅತಿಥಿಗಳಿಗೆ "ನೀವು ತಂದ ಬಾಟಲಿ, ಪ್ಯಾಕೆಟ್ ನೀವೇ ವಾಪಸ್ ಒಯ್ಯಿರಿ" ಎಂದು ಪ್ರೀತಿಯಿಂದ ಹೇಳಿ. ಕೊಡಗಿನವರ ಮಾತಿಗೆ ಅತಿಥಿಗಳು ಬೆಲೆ ಕೊಡುತ್ತಾರೆ. ಪಂಚಾಯಿತಿ ಹೋಂಸ್ಟೇಗೆ ಕೋಣೆ ಲೆಕ್ಕದಲ್ಲಿ ಶುಲ್ಕ ಹಾಕಿದರೆ ವಿರೋಧಿಸಬೇಡಿ. ಜಾಸ್ತಿ ಕಸ ಮಾಡುವವರು ಜಾಸ್ತಿ ಕೊಡಬೇಕು. ಕೇರಳದ ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳು ಮನೆ ಮನೆಯಿಂದ ತಿಂಗಳ ಶುಲ್ಕ ಪಡೆದೇ ಪ್ಲಾಸ್ಟಿಕ್ ಎತ್ತುತ್ತಾರೆ. ಹಣ ಇಲ್ಲದೆ ಈ ಕೆಲಸ ಎಷ್ಟು ದಿನ ನಡೆದೀತು?

ಉಳಿದ ಊಟವನ್ನು ಹಂದಿ ಸಾಕುವವರಿಗೆ ಕೊಡುವ ವಾಡಿಕೆ ನಮ್ಮಲ್ಲಿ ಇದೆ, ಒಳ್ಳೆಯದೇ. ಆದರೆ ಚೆನ್ನಾಗಿ ಕುದಿಸಿ ಕೊಡಬೇಕು. ಆಫ್ರಿಕನ್ ಹಂದಿಜ್ವರ ಹಸಿ ಹಂದಿಮಾಂಸದ ತುಣುಕಿನಿಂದಲೂ ಹರಡುತ್ತದೆ. ಕೋಳಿ ಅಂಗಡಿಯ ಕಸವನ್ನು ಮಾತ್ರ ಗೊಬ್ಬರದ ತೊಟ್ಟಿಗೆ ಹಾಕಬೇಡಿ. ನಾಯಿ, ಕಾಡುಹಂದಿ, ಅವುಗಳ ಹಿಂದೆ ಚಿರತೆಯೂ ಬಂದೀತು. ಅಂಗಡಿಗಳಿಂದ ಅದನ್ನು ಬೇರೆ ಗಾಡಿಯಲ್ಲೇ ಎತ್ತಬೇಕು.

ಒಂದು ಮಾತನ್ನು ಹೇಳದೆ ಇರಲಾರೆ. ನಮ್ಮ ಮನೆಗಳಲ್ಲಿ ಸ್ನಾನದ ಹಂಡೆ ಒಲೆಗೆ ಕವರ್, ಪ್ಯಾಕೆಟ್ ಹಾಕುವ ಅಭ್ಯಾಸ ಇದೆ. ಮಳೆಗಾಲದಲ್ಲಿ ಸೌದೆ ಒದ್ದೆ, ಪ್ಲಾಸ್ಟಿಕ್ ಹಾಕಿದರೆ ಬೇಗ ಹತ್ತಿಕೊಳ್ಳುತ್ತದೆ ಅಂತ. ನನ್ನ ಅಜ್ಜಿ ಕೂಡ ಹಾಗೆಯೇ ಮಾಡುತ್ತಿದ್ದರು. ಆ ಹೊಗೆ ಮೊದಲು ಹೋಗುವುದು ಒಲೆ ಮುಂದೆ ಕೂತವರ ಎದೆಗೆ. ಪಿವಿಸಿಯಂಥ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ನಿಮ್ಮ ತೋಟದ ಲೈನ್‌ಮನೆಗಳ, ಅಂದರೆ ಕೆಲಸಗಾರರ ಸಾಲುಮನೆಗಳ, ಒಲೆಯನ್ನೂ ಒಮ್ಮೆ ನೋಡಿ. ಕಸದ ಗಾಡಿ ಲೈನ್‌ಮನೆವರೆಗೆ ಬರುವುದಿಲ್ಲ, ಆದ್ದರಿಂದ ಅವರು ಸುಡುತ್ತಾರೆ. ಅಲ್ಲಿ ಒಂದು ಗೋಣಿಚೀಲ ನೇತುಹಾಕಿ, ತುಂಬಿದಾಗ ನಿಮ್ಮ ಜೀಪಿನಲ್ಲಿ ಪಂಚಾಯಿತಿ ಶೆಡ್ಡಿಗೆ ತಲುಪಿಸಿ.

ಮುಂದಿನ ಗ್ರಾಮಸಭೆಗೆ ಹೋಗುವ ಮೊದಲು ಏಳು ದಿನ ನಿಮ್ಮ ಕಸ ತೂಗಿ ಬರೆದಿಡಿ. ಹಸಿ ಎಷ್ಟು, ಒಣ ಎಷ್ಟು, ಅತಿಥಿ ಇದ್ದ ದಿನ ಎಷ್ಟು, ಇಲ್ಲದ ದಿನ ಎಷ್ಟು. ಕಾಫಿ ತೂಗುವ ತಕ್ಕಡಿ ಸಾಕು. ಹತ್ತು ಮನೆಯವರು ಹೀಗೆ ಬರೆದು ತಂದರೆ ಸಭೆಯಲ್ಲಿ ಜಾಗದ ಮಾತು ನಿಂತು, ಯಾವ ದಿನ ಯಾವ ಕಸ ಎತ್ತುವುದು, ಗೊಬ್ಬರದ ಸೂರು ಎಲ್ಲಿ ಹಾಕುವುದು ಅನ್ನುವ ಮಾತು ಶುರುವಾಗುತ್ತದೆ. ಆ ಪಟ್ಟಿ ನನಗೂ ಕಳಿಸಿ. ತೊಟ್ಟಿ ಎಷ್ಟು ದೊಡ್ಡದು ಬೇಕು, ಎಷ್ಟು ಮೂಟೆ ಒಣ ಎಲೆ ಕೂಡಿಡಬೇಕು ಎಂದು ಲೆಕ್ಕ ಮಾಡಿ ಬರೆಯುತ್ತೇನೆ.